ಕೇಳುವುದು, ಬೇಡುವುದು

ನಮ್ಮ ಕಡೆಯ ಹೆಂಗಸರು ಕೇಳುವುದಕ್ಕೆ ಹಿಂಜರಿಯುವವರೇನಲ್ಲ. ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆ, ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು, ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಒಂದು ಲೋಟ ಸಕ್ಕರೆ, ಇವನ್ನೆಲ್ಲ ಕಾಂಪೌಂಡಿನ ಈಚೆಯಿಂದಲೇ ಕೂಗಿ ಕೇಳುತ್ತೇವೆ. ಈರುಳ್ಳಿ ಹೊಲದಲ್ಲಿ ಕಳೆ ಬಂದಾಗ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂದು ಮುಯ್ಯಾಳು ಹೋಗುತ್ತೇವೆ. ಮದುವೆ ಮನೆಯ ಮುಯ್ಯಿಯನ್ನಂತೂ ನೋಟುಬುಕ್ಕಿನಲ್ಲಿ ಬರೆದಿಟ್ಟು, ಹತ್ತು ವರ್ಷ ಕಳೆದ ಮೇಲಾದರೂ ನೆನಪಿಟ್ಟು ತೀರಿಸುತ್ತೇವೆ. ಕೊಟ್ಟವರಿಗೆ ಹೆಮ್ಮೆಯಿಲ್ಲ, ತೆಗೆದುಕೊಂಡವರಿಗೆ ನಾಚಿಕೆಯಿಲ್ಲ.

ಇದೇ ಹೆಂಗಸರಲ್ಲಿ ಒಬ್ಬಳಿಗೆ ದುಬಾರಿ ಔಷಧಿ ಬೇಕಾಯಿತೆನ್ನಿ. ಅವಳ ಬಾಯಿ ಕಟ್ಟಿಹೋಗುತ್ತದೆ. ಬಳೆ ಅಡವಿಡುತ್ತಾಳೆ, ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ಮಾಡುತ್ತಾಳೆ, ದಿನಕ್ಕೆ ಎರಡು ಮಾತ್ರೆ ಎಂದು ಬರೆದುಕೊಟ್ಟಿದ್ದರೆ ಒಂದನ್ನೇ ನುಂಗಿ ಚೀಟಿಯನ್ನು ಇನ್ನೊಂದು ತಿಂಗಳು ಎಳೆಯುತ್ತಾಳೆ. ಆದರೆ ಕೇಳುವುದಿಲ್ಲ. ಸಾಲ ಮಾಡಲು ಇಲ್ಲದ ನಾಚಿಕೆ ಸಹಾಯ ಕೇಳಲು ಯಾಕೆ ಎನ್ನುವುದು ನನ್ನನ್ನು ಬಹಳ ದಿನದಿಂದ ಕಾಡಿರುವ ಪ್ರಶ್ನೆ.

ಸಣ್ಣ ಊರಿನಲ್ಲಿ ಶಾಲೆಯ ಟೀಚರ್ ಎಂದರೆ ಅರ್ಜಿ ಬರೆಯುವವರೂ ಹೌದು. ನಾಡಕಚೇರಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಕೊಡಬೇಕಾದ ಕಾಗದಗಳನ್ನು ಹಿಡಿದು ಜನ ಸಂಜೆ ಹೊತ್ತು ಬರುತ್ತಾರೆ. ಹಾಗೆ 2016ರಲ್ಲಿ ನಮ್ಮ ಬೀದಿಯ ಒಬ್ಬಾಕೆ ಬಂದಳು. ವಯಸ್ಸು ನಲವತ್ತೆರಡು. ಗಂಡನಿಗೆ ಎರಡು ಎಕರೆ ಹೊಲ; ಒಂದು ವರ್ಷ ಈರುಳ್ಳಿ ಕೈಹಿಡಿದರೆ ಎರಡು ವರ್ಷ ಕೈಬಿಡುತ್ತದೆ. ಆಕೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಎದೆಯ ಗಂಟನ್ನು ಆರು ತಿಂಗಳು ಮುಚ್ಚಿಟ್ಟುಕೊಂಡಿದ್ದು, ಕೊನೆಗೆ ಬೆಂಗಳೂರಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದಳು. ಅಷ್ಟಕ್ಕೆ ಸರ್ಕಾರದ ಯೋಜನೆ ಒದಗಿತ್ತು. ಆದರೆ ಆಕೆಯ ಕ್ಯಾನ್ಸರ್ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್ನಿಗೆ ಬಗ್ಗುವ ಜಾತಿಯದು. ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ, ಅಂದರೆ ಹದಿನೇಳು ಹದಿನೆಂಟು ಸಲ ಅದನ್ನು ಕೊಡಬೇಕು ಎಂದು ವೈದ್ಯರು ಹೇಳಿದ್ದರು. ಲೆಕ್ಕ ಹಾಕಿದರೆ ಏಳು ಲಕ್ಷದ ಹತ್ತಿರ ಹೋಗುತ್ತಿತ್ತು. ಆಗಿನ ವಾಜಪೇಯಿ ಆರೋಗ್ಯಶ್ರೀ ಯೋಜನೆ ಒಂದು ಬಡ ಕುಟುಂಬಕ್ಕೆ ವರ್ಷಕ್ಕೆ ಕೊಡುತ್ತಿದ್ದದ್ದು 1.5 ಲಕ್ಷ, ಮೇಲೆ ಇನ್ನೊಂದು 50,000.

ಆಕೆ ನನ್ನ ಬಳಿ ಬಂದದ್ದು ಸಹಾಯ ಕೇಳಲು ಅಲ್ಲ, ಹೊಲವನ್ನು ಮಾರುವ ಕರಾರುಪತ್ರ ಓದಿಸಿಕೊಳ್ಳಲು. ಬೇರೆ ದಾರಿ ನೋಡೋಣ, ನಾಲ್ಕು ಕಡೆ ಕೇಳೋಣ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಮಗನಿಗಾಗಿದ್ರೆ ವಿಧಾನಸೌಧದ ಮುಂದೆ ಕೂತ್ಕೊಂಡಾದ್ರೂ ಕೇಳ್ತಿದ್ದೆ. ನನಗೋಸ್ಕರ ಹೆಂಗೆ ಕೇಳ್ಲಿ?" ಎಂದಳು.

ನನ್ನ ಪ್ರಶ್ನೆಗೆ ಅರ್ಧ ಉತ್ತರ ಆ ಮಾತಿನಲ್ಲೇ ಇತ್ತು. ನಾವು ಹೆಂಗಸರು ಕೇಳುತ್ತೇವೆ; ಆದರೆ ಅಡಿಗೆಗೆ, ಮಕ್ಕಳಿಗೆ, ಗಂಡನಿಗೆ, ದೇವರಿಗೆ. ನಮಗಾಗಿ ಕೇಳಿ ಅಭ್ಯಾಸವಿಲ್ಲ. ಗಂಡಸು ಹಾಸಿಗೆ ಹಿಡಿದರೆ ಹೊಲ ಮಾರುವುದು ಸಹಜ ಎನ್ನಿಸುತ್ತದೆ; ಹೆಂಗಸಿಗೆ ಕಾಯಿಲೆಯಾದರೆ ಆಕೆಯೇ ಮೊದಲು ತನ್ನ ಖರ್ಚನ್ನು ಲೆಕ್ಕ ಹಾಕಿ, ಇಷ್ಟು ಬೆಲೆ ನಾನು ಬಾಳುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಸಂಸಾರಕ್ಕೆ ಒಳ್ಳೆಯದೇ. ಆದರೆ ಇರುವ ಹಾಸಿಗೆಯಲ್ಲಿ ಮನೆಯವರೆಲ್ಲ ಮಲಗಿದ ಮೇಲೆ ಉಳಿದ ಅಂಚಿನಲ್ಲಿ ಮುದುಡಿಕೊಳ್ಳುವವಳು ಯಾರು?

ಉಳಿದರ್ಧ ಉತ್ತರ ಮುಯ್ಯಿಯಲ್ಲಿದೆ. ಹಿಂತಿರುಗಿಸಬಲ್ಲದ್ದನ್ನು ಕೇಳಿದರೆ ಅದು ಕೇಳುವುದು, ಹಿಂತಿರುಗಿಸಲಾಗದ್ದನ್ನು ಕೇಳಿದರೆ ಅದು ಬೇಡುವುದು ಎಂದು ನಮ್ಮ ಮನಸ್ಸು ಗೆರೆ ಎಳೆದಿಟ್ಟುಕೊಂಡಿದೆ. ಸಾಲವನ್ನು ತೀರಿಸುತ್ತೇನೆಂಬ ಭರವಸೆ ಇರುವುದರಿಂದ, ಎಂದೂ ತೀರದ ಸಾಲವಾದರೂ ಅದಕ್ಕೆ ಮಾನ ಉಂಟು. ಏಳು ಲಕ್ಷದ ಔಷಧಿಗೆ ಯಾವ ಮುಯ್ಯಿ? ಅದಕ್ಕೇ ಬಾಯಿ ಕಟ್ಟುತ್ತದೆ.

ಆದರೆ ಈ ಗೆರೆ ಸರಿಯಾದ ಜಾಗದಲ್ಲಿ ಇದೆಯೆ? ಶಾಲೆಯಲ್ಲಿ ದಿನವೂ ಮಧ್ಯಾಹ್ನ ಕಾಣುವುದು ನನಗೆ ಬೇರೆ ಮಾತು ಹೇಳುತ್ತದೆ. 2002ರಲ್ಲಿ ಆರಂಭವಾದ ನಮ್ಮ ರಾಜ್ಯದ ಬಿಸಿಯೂಟಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟರು. ಊಟ ಪುಕ್ಕಟೆ; ಮಕ್ಕಳು ಏನನ್ನೂ ಹಿಂತಿರುಗಿಸುವುದಿಲ್ಲ. ಆದರೂ ತಟ್ಟೆ ಹಿಡಿದು ಬರುವ ಯಾವ ಮಗುವಿನ ಮುಖದಲ್ಲೂ ನಾಚಿಕೆ ಕಂಡಿಲ್ಲ. "ಸಾರು ಇನ್ನೊಂದು ಸಲ ಹಾಕಿ" ಎಂದು ಜೋರಾಗಿಯೇ ಕೇಳುತ್ತವೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುವುದೇ ಅದಕ್ಕೆ ಕಾರಣ. ಅದೇ ಅನ್ನವನ್ನು ಬಡವರ ಮಕ್ಕಳು ಎಂದು ಐದು ಜನರನ್ನು ಬೇರೆ ಕೂರಿಸಿ ಬಡಿಸಿನೋಡಿ, ತುತ್ತು ಗಂಟಲಲ್ಲಿ ನಿಲ್ಲುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಶೂನ್ಯ ಟಿಕೆಟ್ ಹಿಡಿದು ಕಡೂರಿಗೆ, ತರೀಕೆರೆಗೆ ಹೋಗುವಾಗ ನಮಗಾರಿಗಾದರೂ ಭಿಕ್ಷೆ ತೆಗೆದುಕೊಂಡಂತೆ ಅನ್ನಿಸಿದೆಯೆ? ಇಲ್ಲ. ಹಾಗಾದರೆ ಅವಮಾನ ಪುಕ್ಕಟೆ ಪಡೆಯುವುದರಲ್ಲಿ ಇಲ್ಲ, ಒಬ್ಬಳನ್ನೇ ಬೇರೆ ನಿಲ್ಲಿಸಿ ಕೊಡುವುದರಲ್ಲಿದೆ. ಅದನ್ನು ಹುಟ್ಟಿಸಿದವಳು ಕೇಳುವವಳಲ್ಲ, ಕೊಡುವ ಕ್ರಮ.

ಇಷ್ಟು ಹೇಳಿದ ಮಾತ್ರಕ್ಕೆ ಔಷಧಿ ಕೈಗೆ ಬರುವುದಿಲ್ಲ. ಕೇಳುವುದಕ್ಕೂ ಒಂದು ಕ್ರಮವಿದೆ. ಆ ವರ್ಷದಿಂದೀಚೆಗೆ ಅನೇಕರಿಗೆ ಅರ್ಜಿ ಬರೆದುಕೊಟ್ಟು ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಕೇಳಬೇಕಾದದ್ದು ಹಣವನ್ನಲ್ಲ, ಬೆಲೆಯನ್ನು. ಇದೇ ಔಷಧಿ ಬೇರೆ ಹೆಸರಿನಲ್ಲಿ ಕಡಿಮೆಗೆ ಸಿಗುತ್ತದೆಯೆ ಎಂದು ವೈದ್ಯರನ್ನು ಕೇಳಬೇಕು. ವೈದ್ಯರೆದುರು ದುಡ್ಡಿನ ಮಾತೆತ್ತುವುದು ನಮಗೆ ಮುಜುಗರ. ಎತ್ತದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ? ಟ್ರಾಸ್ಟುಜುಮಾಬನ್ನೇ ತೆಗೆದುಕೊಳ್ಳಿ. ವಿದೇಶಿ ಕಂಪನಿಯ ಔಷಧಿಗೆ ಸಮನಾದದ್ದನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಆಗ 440 ಮಿಲಿಗ್ರಾಂ ಬಾಟಲಿಗೆ 57,500 ರೂಪಾಯಿ. ಅದೂ ಕಡಿಮೆಯೇನಲ್ಲ, ಆದರೆ ಮೊದಲಿದ್ದುದಕ್ಕಿಂತ ಸುಮಾರು ಕಾಲುಭಾಗ ಇಳಿದಿತ್ತು. ಆಮೇಲೆ ಬೇರೆ ಕಂಪನಿಗಳೂ ಬಂದವು. ಮಧುಮೇಹ, ರಕ್ತದೊತ್ತಡ, ಥೈರಾಯ್ಡ್ ಮಾತ್ರೆಗಳಿಗಂತೂ 2008ರಲ್ಲಿ ಶುರುವಾದ ಜನೌಷಧಿ ಅಂಗಡಿಗಳಿವೆ. ಕಂಪನಿಯ ಹೆಸರು ಬಿಟ್ಟು ಔಷಧಿಯ ಹೆಸರಿನಲ್ಲೇ ಮಾರುವುದರಿಂದ ಅಲ್ಲಿ ಬೆಲೆ ಅರ್ಧಕ್ಕೂ ಕೆಳಗೆ. ಎಷ್ಟು ದಿನ ತೆಗೆದುಕೊಳ್ಳಬೇಕು ಎನ್ನುವುದೂ ಕೇಳತಕ್ಕ ಪ್ರಶ್ನೆಯೇ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇದೇ ಇಂಜೆಕ್ಷನ್ ಒಂದು ವರ್ಷದ ಬದಲು ಆರು ತಿಂಗಳು ಕೊಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎಂದಿತು. ಬೇರೆ ಅಧ್ಯಯನಗಳು ಅದನ್ನು ಪೂರ್ತಿ ಒಪ್ಪಿಲ್ಲ. ಯಾರಿಗೆ ಎಷ್ಟು ಬೇಕೆಂದು ನಿರ್ಧರಿಸುವವರು ವೈದ್ಯರೇ. ಆದರೆ ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಯದು.

ಎರಡನೆಯದು, ಹಕ್ಕಿನಿಂದ ಬರಬೇಕಾದದ್ದನ್ನು ಕೇಳುವುದು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಯೋಜನೆಗಳ ಕಣ್ಣು ಇರುವುದು ಆಸ್ಪತ್ರೆಯ ಮಂಚದ ಮೇಲೆ. ಆಯುಷ್ಮಾನ್ ಭಾರತದ ನಿಯಮದಂತೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಔಷಧಿ ಸೇರಿರುವುದು 15 ದಿನಕ್ಕೆ ಮಾತ್ರ. ಸಂದುವಾತಕ್ಕೆ, ಕಿಡ್ನಿ ಕಸಿಯ ನಂತರ, ಕೆಲವು ಬಗೆಯ ಕ್ಯಾನ್ಸರಿಗೆ ಜೀವಮಾನವಿಡೀ ಅಂಗಡಿಯಿಂದ ತಂದು ನುಂಗಬೇಕಾದ ಮಾತ್ರೆಗಳು ಹದಿನಾರನೆಯ ದಿನದಿಂದ ನಮ್ಮ ಲೆಕ್ಕಕ್ಕೆ. ಎಷ್ಟೋ ಸಂಸಾರಗಳು ಕುಸಿಯುವುದು ಆಪರೇಷನ್ನಿನಲ್ಲಿ ಅಲ್ಲ, ಆಮೇಲಿನ ಈ ತಿಂಗಳ ಚೀಟಿಯಲ್ಲಿ.

ಮೂರನೆಯದು, ಅದಕ್ಕೆಂದೇ ಇಟ್ಟಿರುವ ನಿಧಿಗಳು. ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದೆ. ದೇಶ ವಿಭಜನೆಯ ನಿರಾಶ್ರಿತರಿಗಾಗಿ 1948ರಲ್ಲಿ ಹುಟ್ಟಿದ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ ಈಗ ಹೃದಯ, ಕಿಡ್ನಿ, ಕ್ಯಾನ್ಸರ್ ಚಿಕಿತ್ಸೆಗಳಿಗೂ ನೆರವಾಗುತ್ತದೆ. ಹಣ ರೋಗಿಯ ಕೈಗೆ ಬರದೆ ನೇರ ಆಸ್ಪತ್ರೆಗೆ ಹೋಗುತ್ತದೆ. ಬಡವರಿಗಾಗಿ 1997ರಲ್ಲಿ ಆದ ರಾಷ್ಟ್ರೀಯ ಆರೋಗ್ಯ ನಿಧಿ ಇದೆ. ಇವಕ್ಕೆಲ್ಲ ಬೇಕಾಗುವುದು ಆಸ್ಪತ್ರೆಯವರು ಬರೆದುಕೊಟ್ಟ ಅಂದಾಜು ವೆಚ್ಚ, ಆದಾಯ ಪ್ರಮಾಣಪತ್ರ, ವಿಳಾಸದ ದಾಖಲೆ, ಭಾವಚಿತ್ರ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಎಂಬುವರೇ ಇರುತ್ತಾರೆ. ಯಾವ ನಿಧಿಗೆ ಯಾವ ಕಾಗದ ಎಂದು ಹೇಳಿಕೊಡುವುದೇ ಅವರ ಕೆಲಸ. ವೈದ್ಯರ ಕೋಣೆಯಿಂದ ನೇರ ಔಷಧಿ ಅಂಗಡಿಗೆ ಹೋಗುವ ಬದಲು ಮೊದಲು ಅವರ ಮೇಜಿನ ಮುಂದೆ ಕೂರಬೇಕು. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎಸಿಯಲ್ಲಿ ಪೂರ್ತಿ, ಜೊತೆಗೆ ಹೋಗುವವರಿಗೆ ಶೇಕಡ 75 ರಿಯಾಯಿತಿ ಉಂಟೆಂದು ನಮ್ಮ ನಿಲ್ದಾಣದಲ್ಲಿ ರೈಲು ಹತ್ತುವ ಎಷ್ಟು ಜನರಿಗೆ ಗೊತ್ತು? ಔಷಧಿ ಕಂಪನಿಗಳೇ ನಡೆಸುವ ಸಹಾಯ ಕಾರ್ಯಕ್ರಮಗಳೂ ಇರುತ್ತವೆ, ಅವನ್ನೂ ಕೇಳಬೇಕು.

ಕಂಪನಿಗಳ ಮಾತು ಬಂದಾಗ ಸ್ವಲ್ಪ ನಿಲ್ಲಬೇಕು. ನಮ್ಮ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಗ್ಲಿವೆಕ್ ಎಂಬ ಮಾತ್ರೆ ಬಂತು. ದಿನವೂ ನುಂಗಿದರೆ ರೋಗಿ ಎದ್ದು ಓಡಾಡುವಷ್ಟು ಒಳ್ಳೆಯ ಔಷಧಿ. ಸ್ವಿಟ್ಜರ್ಲೆಂಡಿನ ನೋವಾರ್ಟಿಸ್ ಕಂಪನಿಯ ಬೆಲೆ ತಿಂಗಳಿಗೆ ಸುಮಾರು 1,20,000 ರೂಪಾಯಿ. ನಮ್ಮ ದೇಶದ ಕಂಪನಿಗಳು ಅದನ್ನೇ ಎಂಟು ಹತ್ತು ಸಾವಿರಕ್ಕೆ ತಯಾರಿಸುತ್ತಿದ್ದವು. ನೋವಾರ್ಟಿಸ್ ಪೇಟೆಂಟ್ ಕೇಳಿತು. ಮುಂಬಯಿಯ ಕ್ಯಾನ್ಸರ್ ರೋಗಿಗಳ ಸಂಸ್ಥೆಯೊಂದು ವಿರೋಧಿಸಿತು. ಗ್ಲಿವೆಕ್ ಪಡೆಯುವ ಭಾರತೀಯರಲ್ಲಿ ಬಹುಪಾಲು ಜನರಿಗೆ ಪುಕ್ಕಟೆಯಾಗಿಯೇ ಕೊಡುತ್ತಿದ್ದೇವೆ ಎಂದು ಕಂಪನಿ ಹೇಳುತ್ತಿತ್ತು. ಅದು ಸುಳ್ಳಲ್ಲ, ಸಾವಿರಾರು ಜನ ಆ ಮಾತ್ರೆಯಿಂದ ಬದುಕಿದರು. ಹಳೆಯ ವಸ್ತುವಿನ ಹೊಸ ರೂಪ ಹೆಚ್ಚು ಗುಣಕಾರಿ ಎಂದು ತೋರಿಸದ ಹೊರತು ಪೇಟೆಂಟ್ ಇಲ್ಲವೆನ್ನುವ ನಮ್ಮ ಕಾನೂನನ್ನು ಎತ್ತಿಹಿಡಿದು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಮನವಿಯನ್ನು ತಳ್ಳಿಹಾಕಿತು.

ಲಕ್ಷಕ್ಕೂ ಮೇಲೆ ಬೆಲೆಯಿಟ್ಟು ಅರ್ಜಿ ಹಾಕಿದವರಿಗೆ ಪುಕ್ಕಟೆ ಕೊಡುವುದು, ಕೊಳ್ಳಬಹುದಾದ ಬೆಲೆಗೆ ಎಲ್ಲರಿಗೂ ಸಿಗುವುದು, ಇವೆರಡರಲ್ಲಿ ಯಾವುದು ಮೇಲು? ಇವತ್ತಿನ ಹಸಿವಿಗೆ ಮೊದಲನೆಯದೂ ಅನ್ನವೇ. ಸಿಕ್ಕಿದರೆ ತೆಗೆದುಕೊಳ್ಳಬೇಕು, ಸಂಕೋಚ ಬೇಡ. ಆದರೆ ಪುಕ್ಕಟೆಯಾಗಿ ಪಡೆಯುವವಳು ಕೊಡುವವರ ಮನಸ್ಸು ಬದಲಾದೀತೇ ಎಂದು ಪ್ರತಿ ತಿಂಗಳೂ ನೋಡುತ್ತಿರಬೇಕು. ಕೊಳ್ಳಬಲ್ಲವಳು ಅಂಗಡಿಯ ಕಟ್ಟೆಯ ಮುಂದೆ ಎಲ್ಲರೊಂದಿಗೆ ನಿಲ್ಲುತ್ತಾಳೆ. ಮೊದಲನೆಯದು ಬಾಗಿಲ ಬಳಿಯ ಅನ್ನ, ಎರಡನೆಯದು ಸಾಲಿನ ಊಟ.

ಇತ್ತೀಚೆಗೆ ಮೊಬೈಲಿನಲ್ಲಿ ಹಸುಗೂಸುಗಳ ಚಿತ್ರಗಳು ಬರುತ್ತಿವೆ, ನೀವೂ ನೋಡಿರಬಹುದು. ಬೆನ್ನುಹುರಿಯ ನರಗಳು ಸೊರಗುವ ಎಸ್‌ಎಂಎ ಎಂಬ ಕಾಯಿಲೆ. ಒಂದು ಇಂಜೆಕ್ಷನ್ನಿಗೆ 16 ಕೋಟಿ. ತಾಯಿತಂದೆ ಊರೂರಿನ ಜನರನ್ನು ಕೇಳುತ್ತಾರೆ. ಕೇಳಲೇಬೇಕು, ಆ ಸಂಕಟದಲ್ಲಿ ಯಾರಾದರೂ ಕೇಳುತ್ತಾರೆ. ಕೆಲವರಿಗೆ ಹಣ ಕೂಡುತ್ತದೆ, ಹಲವರಿಗೆ ಕೂಡುವುದಿಲ್ಲ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಕೇಂದ್ರ ಸರ್ಕಾರದ ನೆರವು 50 ಲಕ್ಷದವರೆಗೆ ಎಂದಿದೆ. 16 ಕೋಟಿಯ ಎದುರು ಅದು ಎಷ್ಟು? ಆದರೆ ಇದೇ ಕಾಯಿಲೆಗೆ ಬಾಯಿಯಲ್ಲಿ ಕುಡಿಸುವ ರಿಸ್ಡಿಪ್ಲಾಂ ಎಂಬ ಇನ್ನೊಂದು ಔಷಧಿಯ ಕಥೆ ನೋಡಿ. ಒಂದು ಬಾಟಲಿಗೆ ಸುಮಾರು 6 ಲಕ್ಷ ಇತ್ತು. ಹೈದರಾಬಾದಿನ ನ್ಯಾಟ್ಕೋ ಕಂಪನಿ ಅದನ್ನು ತಯಾರಿಸಲು ಹೊರಟಾಗ ಸ್ವಿಸ್ ಕಂಪನಿ ಕೋರ್ಟಿಗೆ ಹೋಯಿತು. ದೆಹಲಿ ಹೈಕೋರ್ಟೂ ಸುಪ್ರೀಂ ಕೋರ್ಟೂ ತಡೆ ಕೊಡಲಿಲ್ಲ. 2025ರ ಅಕ್ಟೋಬರಿನಲ್ಲಿ ಅದೇ ಔಷಧಿ 15,900 ರೂಪಾಯಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 22ರಿಂದ 33 ಜೀವರಕ್ಷಕ ಔಷಧಿಗಳ ಮೇಲಿದ್ದ ಶೇಕಡ 12ರ ಜಿಎಸ್‌ಟಿ ತೆಗೆದುಹಾಕಿದರು. ಬೆಲೆಯನ್ನೇ ಪ್ರಶ್ನಿಸಿದರೆ ಆಗುವ ಕೆಲಸ ನೂರು ಹುಂಡಿಗಳಿಂದಲೂ ಆಗದು.

ಜನರನ್ನು ಕೇಳುವುದನ್ನು ನಾನು ಕೊನೆಗೆ ಇಟ್ಟಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಔಷಧಿಗೆ ಬದಲಾಗಿ ಕಥೆ ಕೊಡಬೇಕಾಗುತ್ತದೆ. ಮುದ್ದು ಮುಖದ ಮಗುವಿಗೆ ಕಣ್ಣೀರು ಸುರಿಯುತ್ತದೆ. ಐವತ್ತೈದರ, ಗಂಟು ಕಟ್ಟಿದ ಬೆರಳುಗಳ, ಮಾತು ಬಾರದ ಹೆಂಗಸಿಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಅವಳ ನೋವು ಕಡಿಮೆಯೆ? ಚೆನ್ನಾಗಿ ಅಳಬಲ್ಲವರಿಗೆ ಮದ್ದು ಎನ್ನುವುದು ನ್ಯಾಯವಲ್ಲ. ಕೊಡುವವರು ಕಥೆ ಕೇಳದೆ ಕೊಡುವುದನ್ನು ಕಲಿಯಬೇಕು. ಆಸ್ಪತ್ರೆಯ ಚೀಟಿ ನಿಜವೇ ಎಂದು ನೋಡಲಿ, ಹಣ ಆಸ್ಪತ್ರೆಗೇ ಕಟ್ಟಲಿ. ಆದರೆ ರೋಗಿ ತನ್ನ ಎದೆಯ ಗಾಯವನ್ನು, ಬೋಳಾದ ತಲೆಯನ್ನು ಊರಿಗೆಲ್ಲ ತೋರಿಸಲಿ ಎಂದು ಬಯಸಬಾರದು. ಹಾಗೆಯೇ ಕೇಳುವವರಿಗೂ ಧರ್ಮವಿದೆ. ಇದ್ದದ್ದನ್ನು ಇದ್ದಂತೆ ಹೇಳಬೇಕು, ಬಂದದ್ದಕ್ಕೆ ಲೆಕ್ಕ ಇಡಬೇಕು, ಬೇಕಾದಷ್ಟು ಕೂಡಿದ ಮೇಲೆ ಸಾಕು ಎನ್ನಬೇಕು.

ಎಲ್ಲರೂ ಕೇಳುತ್ತ ಹೋದರೆ ಸರ್ಕಾರದ ಬೊಕ್ಕಸ ಎಲ್ಲಿಗೆ ಸಾಕು ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಒಬ್ಬರ ಮೇಲೆ ಸುರಿಯುವ ಕೋಟಿಯಲ್ಲಿ ಸಾವಿರ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡಬಹುದು ನಿಜ. ಆ ತಕ್ಕಡಿಯನ್ನು ಹಿಡಿಯಬೇಕಾದವರು ಸರ್ಕಾರ ನಡೆಸುವವರು. ಕಾಯಿಲೆಯವಳ ಕೈಗೆ ಅದನ್ನು ಕೊಟ್ಟು ನಿನ್ನನ್ನು ನೀನೇ ತೂಗಿಕೋ ಎನ್ನುವುದು ಕ್ರೌರ್ಯ. ಎಲ್ಲ ದುಬಾರಿ ಔಷಧಿಯೂ ತೆಗೆದುಕೊಳ್ಳತಕ್ಕದ್ದೇ ಎಂದೂ ನಾನು ಹೇಳುವುದಿಲ್ಲ. ಇದರಿಂದ ಎಷ್ಟು ಗುಣ, ಎಷ್ಟು ದಿನ, ಎಷ್ಟು ಸಂಕಟ ಎಂದು ಕೇಳಿ ತಿಳಿದ ಮೇಲೆ ಬೇಡ ಎನ್ನುವುದಕ್ಕೂ ಮರ್ಯಾದೆಯಿದೆ. ತಿಳಿಯದೆ, ಕೇಳದೆ, ನಾಚಿಕೆಯಿಂದ ಬೇಡ ಎನ್ನುವುದು ತ್ಯಾಗವಲ್ಲ.

ಕರಾರುಪತ್ರ ತಂದಿದ್ದ ಆಕೆ ಒಂದು ವಾರ ಯೋಚಿಸಿ ಒಪ್ಪಿದಳು. ವೈದ್ಯರು ಕಡಿಮೆ ಬೆಲೆಯ ಔಷಧಿಯನ್ನೇ ಬರೆದುಕೊಟ್ಟರು. ನಿಧಿಗಳಿಗೆ ಅರ್ಜಿ ಹೋಯಿತು. ಒಂದರಿಂದ ಬಂತು, ಒಂದರಿಂದ ಬರಲಿಲ್ಲ. ತವರಿನವರು ಸ್ವಲ್ಪ ಕೊಟ್ಟರು. ಮೊಬೈಲಿನಲ್ಲಿ ಫೋಟೋ ಹಾಕೋಣ ಎಂದ ಹುಡುಗರಿಗೆ ಆಕೆ ಬೇಡ ಎಂದಳು, ಹುಡುಗರು ಬಿಟ್ಟರು. ಆಕೆಯ ಸ್ತ್ರೀಶಕ್ತಿ ಸಂಘದ ಹೆಂಗಸರು ತಲಾ ಇಷ್ಟೆಂದು ಕೂಡಿಸಿ ತಂದಾಗ, "ಪುಸ್ತಕದಲ್ಲಿ ಬರ್ಕೊಳ್ಳಿ" ಎಂದು ಹಟ ಹಿಡಿದು ಮುಯ್ಯಿ ಎಂದೇ ಬರೆಸಿದಳು. ಅರ್ಧ ಎಕರೆ ಹೋಯಿತು, ಒಂದೂವರೆ ಉಳಿಯಿತು. ಇವತ್ತೂ ನಮ್ಮ ಬೀದಿಯಲ್ಲಿ ಆಕೆಯ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಯಾರ ಮನೆಯಲ್ಲಾದರೂ ಕಾಯಿಲೆಯೆಂದರೆ ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಹೇಳಲು ಈಗ ಆಕೆಯೇ ಹೋಗುತ್ತಾಳೆ.

ಅದೇ ವರ್ಷ ಪಕ್ಕದ ಹಳ್ಳಿಯಲ್ಲಿ ಇಂಥದೇ ಕಾಯಿಲೆಯ ಇನ್ನೊಬ್ಬಾಕೆ ಇದ್ದಳು. ಮಗಳ ಮದುವೆಗೆಂದು ಇಟ್ಟ ದುಡ್ಡನ್ನು ಮುಟ್ಟಬಾರದು, ಯಾರಿಗೂ ಹೇಳಬಾರದು ಎಂದು ಗಂಡನಿಂದ ಮಾತು ತೆಗೆದುಕೊಂಡಿದ್ದಳಂತೆ. ಮದುವೆ ಚೆನ್ನಾಗಿಯೇ ಆಯಿತು. ಅಷ್ಟು ಹೊತ್ತಿಗೆ ಆಕೆ ಹೋಗಿ ಎಂಟು ತಿಂಗಳಾಗಿತ್ತು. ಎಂಥ ತಾಯಿ ಎಂದು ಊರೆಲ್ಲ ಹೊಗಳಿತು. ನನಗೆ ಆ ಹೊಗಳಿಕೆಯಲ್ಲಿ ಸೇರಲು ಮನಸ್ಸಾಗಲಿಲ್ಲ. ಎಷ್ಟು ಜನ ಕೊಡಲು ಸಿದ್ಧರಿದ್ದರೋ ಅದು ಆಕೆಗೆ ತಿಳಿಯಲೇ ಇಲ್ಲ. ಮಗಳಿಗೆ ಆ ಮದುವೆಗಿಂತ ಅಮ್ಮನೇ ಬೇಕಾಗಿತ್ತೇನೋ ಎಂದು ಕೇಳಿನೋಡಿದವರೂ ಇಲ್ಲ.